ಹಾಲತ್ತೆಯ ಅಂಗಳದ ಮೇಲೆ ಹೋದ ರಸ್ತೆ

ಡಾಂಬರು ಕಾಯಿಸುವ ವಾಸನೆ ಬಂದರೆ ಇವತ್ತಿಗೂ ನನಗೆ ಹಸಿವಾಗುತ್ತದೆ. ಹೇಳಿದರೆ ಮನೆಯ ಮಕ್ಕಳು ನಗುತ್ತಾರೆ. ಬೀದಿಯ ಕೊನೆಯಲ್ಲಿ ಗುಂಡಿ ಮುಚ್ಚಲು ಬಂದ ಕೂಲಿಯವರು ಡ್ರಮ್ಮಿನ ಕೆಳಗೆ ಬೆಂಕಿ ಹಾಕಿದರೆ, ಆ ಕಪ್ಪು ಹೊಗೆಗೆ ಹೆದರಿ ಎಲ್ಲರೂ ಕಿಟಕಿ ಹಾಕಿಕೊಳ್ಳುತ್ತಾರೆ. ನಾನು ಮಾತ್ರ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ಆ ಘಾಟಿನ ಬೆನ್ನಿಗೇ ನನ್ನ ಮೂಗಿಗೆ ಹೆಂಚಿನ ಮೇಲಿನ ಜೋಳದ ರೊಟ್ಟಿಯ ವಾಸನೆ, ಹಸಿ ಬೆಳ್ಳುಳ್ಳಿ ಹಾಕಿ ಅರೆದ ಕೆಂಪು ಚಟ್ನಿಯ ವಾಸನೆ ಬರುತ್ತದೆ. ದಾವಣಗೆರೆಯ ಹಳೇಪೇಟೆಯ ನಮ್ಮ ಮನೆಯಲ್ಲಿ ಸಂಜೆಯಾಗುತ್ತಿದ್ದದ್ದೇ ಹಾಗೆ. ನನ್ನ ಅಪ್ಪ ಊರಿನ ರಸ್ತೆ, ಚರಂಡಿಗಳನ್ನು ಮಾಡಿಸುವ ಓವರ್ಸಿಯರ್. ಅವನು ಸೈಕಲ್ಲನ್ನು ಅಂಗಳದ ಗೋಡೆಗೆ ಒರಗಿಸುವ ಮೊದಲೇ ಅವನ ಅಂಗಿಯ ಡಾಂಬರಿನ ವಾಸನೆ ಅಡುಗೆಮನೆ ತಲುಪುತ್ತಿತ್ತು. ಒಲೆಯ ಮುಂದೆ ಕೂತ ಹಾಲತ್ತೆ ತಲೆ ಕೂಡ ಎತ್ತದೆ, ರೊಟ್ಟಿ ತಟ್ಟುತ್ತಲೇ ಕೂಗುತ್ತಿದ್ದಳು: "ಬಂದ್ಯೇನಲೇ ರುದ್ರಾ? ಮೊದ್ಲು ಕೈಕಾಲು ತೊಳಿ. ಮೈಗೆಲ್ಲ ರಸ್ತಿನೇ ಹಚ್ಕೊಂಡು ಬಂದೀಯ!" ಊರಿನವರೆಲ್ಲ ಓವರ್ಸಿಯರ್ ಸಾಹೇಬರೇ ಎಂದು ಎದ್ದು ನಿಂತು ಮರ್ಯಾದೆ ಕೊಡುತ್ತಿದ್ದ ಅಪ್ಪ ಆ ಒಂದು ಕೂಗಿಗೆ ಚಡ್ಡಿ ಹಾಕಿದ ಹುಡುಗನಾಗಿ ಬಚ್ಚಲಿಗೆ ಓಡುತ್ತಿದ್ದ.

ಹಾಲಮ್ಮ ಅಪ್ಪನ ಅಕ್ಕ. ಓಣಿಗೆಲ್ಲ ಹಾಲಮ್ಮ, ನನ್ನ ಬಾಯಲ್ಲಿ ಹಾಲತ್ತೆ. ಅಕ್ಕ ತಮ್ಮ ಇಬ್ಬರೂ ಹುಟ್ಟಿದ್ದು ಹರಿಹರದ ಹತ್ತಿರದ ಸಾರಥಿಯಲ್ಲಿ. ಅಪ್ಪ ಅಂಬೆಗಾಲಿಡುವಾಗಲೇ ತಾಯಿ ತೀರಿಕೊಂಡಳಂತೆ, ಅದರ ಹಿಂದೆಯೇ ತಂದೆ. ಹಾಲತ್ತೆಗೆ ದಾವಣಗೆರೆಯ ಹತ್ತಿ ವ್ಯಾಪಾರದ ಮನೆತನದಲ್ಲಿ ಮದುವೆಯಾಗಿತ್ತು. ಗಂಡನ ಮನೆಗೆ ಹೊರಟ ದಿನ ಅವಳು ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಬಂಡಿಯಲ್ಲಿ ಕೂತಳು. ಇವನನ್ನು ಬಿಟ್ಟು ಬರುವುದಿಲ್ಲ ಎಂದಳಂತೆ. ಅವಳ ಗಂಡ, ನನ್ನ ಮಾವ, ಒಳ್ಳೆಯವನು, ಬಂಡಿ ಹೊಡೆಯಲು ಹೇಳಿದ, ಅಷ್ಟೆ. ಆ ಮಾವನನ್ನು ನಾನು ನೋಡಲಿಲ್ಲ. ಒಂದು ಮಳೆಗಾಲದಲ್ಲಿ ಓಣಿಯ ಕೊಚ್ಚೆ ಕಟ್ಟಿಕೊಂಡು, ಪೇಟೆಯಲ್ಲಿ ವಾಂತಿಭೇದಿ ಹಬ್ಬಿತು. ಬೆಳಿಗ್ಗೆ ಅಂಗಡಿಗೆ ಹೋಗಿದ್ದ ಮಾವನನ್ನು ಮಧ್ಯಾಹ್ನ ಜನ ಎತ್ತಿಕೊಂಡು ಬಂದರು. ಮಕ್ಕಳಿರಲಿಲ್ಲ. ದೊಡ್ಡ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು. ಅಪ್ಪ ಎಸ್ಸೆಸ್ಸೆಲ್ಸಿ ಮುಗಿಸಿದಾಗ ನೆಂಟರೆಲ್ಲ ಅವನನ್ನು ಹತ್ತಿ ಅಂಗಡಿಯಲ್ಲಿ ಕೂರಿಸು ಎಂದರು. ಹಾಲತ್ತೆ ಕೇಳಲಿಲ್ಲ. "ಚರಂಡಿ ಇಲ್ಲದ ಊರು ನನ್ನ ಗಂಡನ್ನ ನುಂಗ್ತು. ನೀನು ಚರಂಡಿ ಕಟ್ಟೋದು ಕಲ್ತು ಬಾ" ಎಂದು ಅವನನ್ನು ಬೆಂಗಳೂರಿಗೆ ಓದಲು ಕಳಿಸಿದಳು. ಅವನು ಓವರ್ಸಿಯರ್ ಆಗಿ ಬಂದು ನಮ್ಮ ಪೇಟೆಯ ಮೊದಲ ಕಲ್ಲುಚರಂಡಿ ಕಟ್ಟಿಸಿದ ದಿನ ಅವಳು ಅದರಲ್ಲಿ ಒಂದು ಕೊಡ ನೀರು ಸುರಿದು, ಅದು ಹರಿದು ಹೋಗುವುದನ್ನು ಓಣಿಯ ಕೊನೆಯವರೆಗೂ ನೋಡುತ್ತ ನಡೆದಳಂತೆ. ಇದನ್ನು ಅವ್ವ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಅವ್ವ ಆಗ ಹೊಸ ಸೊಸೆ.

ಆ ಮನೆಯನ್ನು ನಿಮಗೆ ಹೇಗೆ ತೋರಿಸಲಿ? ಮಣ್ಣಿನ ಮಾಳಿಗೆ, ಎರಡು ಮಾರು ದಪ್ಪ ಅನ್ನಿಸುತ್ತಿದ್ದ ಗೋಡೆಗಳು, ಏಪ್ರಿಲ್ ತಿಂಗಳ ಉರಿಯಲ್ಲೂ ಕಾಲಿಗೆ ತಣ್ಣಗೆ ತಗಲುವ ಸಗಣಿ ಸಾರಿಸಿದ ನೆಲ. ನಡುಮನೆಯಲ್ಲಿ ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿಯುತ್ತಿತ್ತು. ಅದು ಗೋಡೆಯ ಮೇಲೆ ಎಲ್ಲಿದೆ ಎಂದು ನೋಡಿಯೇ ಹಾಲತ್ತೆ ಒಲೆ ಹಚ್ಚುತ್ತಿದ್ದಳು. ಮುಂದೆ ಅಂಗಳ, ಅಂಗಳದಲ್ಲಿ ಬಾವಿ. ಸುತ್ತಲ ಮನೆಗಳ ಬಾವಿಗಳೆಲ್ಲ ಸವಳು, ಉಪ್ಪು. ನಮ್ಮದು ಮಾತ್ರ ಸಿಹಿ. ಬೆಳಗಾದರೆ ಓಣಿಯ ಹೆಂಗಸರು ಕೊಡ ಹಿಡಿದು ಬರುತ್ತಿದ್ದರು. ರಾಟೆಯ ಕಿರುಗುಟ್ಟುವಿಕೆ, ಹಗ್ಗ ಕಟ್ಟೆಗೆ ಉಜ್ಜುವ ಸದ್ದು, ಸೊಸೆಯಂದಿರ ದೂರು, ಅತ್ತೆಯಂದಿರ ದೂರು, ಎಲ್ಲದರ ನಡುವೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ ಹಾಲತ್ತೆ. ಗಂಡ ಸತ್ತವಳೆಂದು ಯಾವ ಶುಭಕಾರ್ಯಕ್ಕೂ ಅವಳನ್ನು ಮುಂದೆ ಕರೆಯುತ್ತಿರಲಿಲ್ಲ. ಆದರೆ ಓಣಿಯ ಯಾವ ಮದುವೆಯ ಅಡುಗೆಯೂ ಅವಳ ಬಾವಿಯ ನೀರಿಲ್ಲದೆ ಆಗುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಆ ಬಾವಿಕಟ್ಟೆಯ ಮೇಲೆ ನಿಂತಾಗ ಅವಳ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತಿದ್ದದ್ದನ್ನು ನಾನು ಮಗುವಾಗಿದ್ದರೂ ಗಮನಿಸಿದ್ದೆ.

ಎದುರು ಮನೆ ಪಿಂಜಾರ ಇಮಾಮಣ್ಣನದು. ಹತ್ತಿ ಬಡಿದು ಗಾದಿ ಹೊಲಿಯುವುದು ಅವನ ಕಸುಬು. ಅವನ ದೊಡ್ಡ ಬಿಲ್ಲಿನ ತಂತಿ ಮಿಡಿಯುವ ಸದ್ದು ದಿನವಿಡೀ ಓಣಿಯಲ್ಲಿ ತೇಲುತ್ತಿತ್ತು. ಅದರ ಜೊತೆ ಹತ್ತಿಯ ಎಳೆಗಳೂ ತೇಲಿ ಬಂದು ನಮ್ಮ ಬಾವಿಗೆ ಬೀಳುತ್ತಿದ್ದವು. "ಇಮಾಮಾ, ನನ್ನ ಬಾವ್ಯಾಗ ಗಾದಿ ಹಾಸ್ಬಿಟ್ಟಿ ನೋಡು, ಮಲಗಾಕೆ ನೀನ ಬಾ" ಎಂದು ಹಾಲತ್ತೆ ಕೂಗಿದರೆ ಅವನು ಗಡ್ಡದಲ್ಲೇ ನಗುತ್ತಿದ್ದ. ಅವನ ಹೆಂಡತಿ ಪಾತಕ್ಕ ಎಲ್ಲರೂ ನೀರು ಒಯ್ದ ಮೇಲೆ ಬರುತ್ತಿದ್ದಳು. ಅವಳು ಹಗ್ಗ ಮುಟ್ಟುತ್ತಿರಲಿಲ್ಲ. ಕಟ್ಟೆಯಿಂದ ಸ್ವಲ್ಪ ದೂರದಲ್ಲಿ ಕೊಡ ಇಟ್ಟು ನಿಲ್ಲುತ್ತಿದ್ದಳು, ಹಾಲತ್ತೆ ಸೇದಿ ಅದಕ್ಕೆ ಹಾಕುತ್ತಿದ್ದಳು. ಹಾಗೆ ಹಾಕುವಾಗ ಇಬ್ಬರೂ ಮಕ್ಕಳ ಕೆಮ್ಮು, ಸೊಂಟದ ನೋವು, ಸೌದೆಯ ಹೊಗೆ ಎಂದು ಮಾತಾಡುತ್ತಲೇ ಇರುತ್ತಿದ್ದರು. ಅದು ಮಡಿಯೋ ಪ್ರೀತಿಯೋ ನನಗೆ ಆಗ ತಿಳಿಯುತ್ತಿರಲಿಲ್ಲ. ಎರಡೂ ಇದ್ದವು ಅಂತ ಈಗ ಅನ್ನಿಸುತ್ತದೆ.

ಅದು ದಾವಣಗೆರೆ ಮೈಮುರಿದು ಏಳುತ್ತಿದ್ದ ಕಾಲ. ಗಿರಣಿಗಳ ಕೂಗಿಗೆ ಊರು ಏಳುತ್ತಿತ್ತು, ಕೂಗಿಗೆ ಉಣ್ಣುತ್ತಿತ್ತು. ಸುತ್ತಲ ಹೊಲಗಳಿಗೆ ಕಾಲುವೆಯ ನೀರು ಬಂದಿತ್ತು. ಹತ್ತಿಯ ಅಂಡಿಗೆಗಳನ್ನು ತುಂಬಿದ ಲಾರಿಗಳು ಎತ್ತಿನ ಬಂಡಿಗಳ ಹಿಂದೆ ಹಾರ್ನು ಬಾರಿಸುತ್ತ ನಿಲ್ಲುತ್ತಿದ್ದವು. ಅಪ್ಪ ಊಟಕ್ಕೆ ಕೂತರೆ ಅನ್ನಕ್ಕಿಂತ ಹೆಚ್ಚು ಊರಿನದೇ ಮಾತು. ಇಲ್ಲಿ ನಲ್ಲಿ ಬರುತ್ತದೆ, ಅಲ್ಲಿ ದೀಪದ ಕಂಬ, ಆ ಬಯಲಿನಲ್ಲಿ ಬಡಾವಣೆ, ಹೀಗೆ. ತಾಟಿನಲ್ಲಿ ಚಟ್ನಿಯಿಂದ ರಸ್ತೆ ಎಳೆದು ರೊಟ್ಟಿಯ ಚೂರುಗಳನ್ನು ಮನೆಗಳಾಗಿ ಇಡುತ್ತಿದ್ದ. ಅವ್ವ ಬೇಸರಪಟ್ಟುಕೊಂಡರೂ ಹಾಲತ್ತೆ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು. ಒಂದು ದಿನ ಅವನು ಓಣಿಯ ತುದಿಯಲ್ಲಿ ಮೂರು ಕಾಲಿನ ಮೇಲೆ ದುರ್ಬೀನಿನಂಥದ್ದನ್ನು ನಿಲ್ಲಿಸಿ ನೆಲದ ಏರಿಳಿತ ಅಳೆಯುತ್ತಿದ್ದಾಗ ಅಕ್ಕನನ್ನು ಕರೆದು, ನೋಡು ಎಂದ. ಆ ಉಪಕರಣದಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಹಾಲತ್ತೆ ಒಂದು ಕಣ್ಣು ಮುಚ್ಚಿ ಬಗ್ಗಿದಳು. "ಅಯ್ಯ ಶಿವನೇ! ನಮ್ಮನಿ ತಲಿ ಕೆಳಗಾಗೈತಲ್ಲೋ! ಬಾವ್ಯಾಗಿನ ನೀರು ಚೆಲ್ಲಲ್ಲೇನೋ ರುದ್ರಾ?" ಅಳತೆಯ ಚೈನು ಹಿಡಿದ ಆಳುಗಳೆಲ್ಲ ನಕ್ಕರು. ಅಪ್ಪನೂ ನಕ್ಕ. ಅಕ್ಕನ ಹೆಗಲ ಮೇಲೆ ಕೈಯಿಟ್ಟು ಹಾಗೆ ಬೀದಿಯಲ್ಲಿ ನಿಂತು ನಕ್ಕ ಅಪ್ಪನನ್ನು ನಾನು ಆಮೇಲೆ ನೋಡಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಓಣಿಯ ಒಳಗಿದ್ದ ಒಂದು ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸುವ ಗಾಡಿ ಬಂತು, ಆದರೆ ಓಣಿಯ ಬಾಯಲ್ಲೇ ಸಿಕ್ಕಿಕೊಂಡಿತು. ಒಳಗೆ ಬರಲು ಜಾಗವಿಲ್ಲ. ನಮ್ಮ ಬಾವಿಯಿಂದ ಜನ ಸಾಲಾಗಿ ನಿಂತು ಕೊಡಗಳನ್ನು ದಾಟಿಸಿದರು. ಸಂಜೆಯ ಹೊತ್ತಿಗೆ ಗೋದಾಮಿನ ಜೊತೆ ಪಕ್ಕದ ಎರಡು ಮನೆಗಳೂ ಸುಟ್ಟು ಕರಕಾದವು. ಒಂದರಲ್ಲಿ ಹಾಸಿಗೆ ಹಿಡಿದಿದ್ದ ಮುದುಕನೊಬ್ಬ ಹೊರಗೆ ಬರಲಾಗದೆ ಸತ್ತ. ಮೈಯೆಲ್ಲ ಮಸಿಯಾಗಿ ಬಂದ ಅಪ್ಪ ಬಾವಿಕಟ್ಟೆಯ ಮೇಲೆ ಕೂತು, ಈ ಓಣಿ ಅಗಲವಾಗಲೇಬೇಕು ಅಕ್ಕಾ ಎಂದ. ಹಾಲತ್ತೆ ಅವನ ತಲೆಯ ಮೇಲೆ ನೀರು ಸುರಿಯುತ್ತ, ಹೌದಪ್ಪ, ಆಗಲೇಬೇಕು ಎಂದಳು. ಅದು ಯಾರ ಮನೆಯನ್ನು ಒಡೆದು ಎಂದು ಆ ಹೊತ್ತಿನಲ್ಲಿ ಇಬ್ಬರಿಗೂ ಹೊಳೆದಿರಲಿಲ್ಲ.

ರಸ್ತೆ ಮಂಜೂರಾಯಿತು. ಅಳತೆಯೆಲ್ಲ ಅಪ್ಪನ ಪಾಲಿಗೆ ಬಂತು. ಓಣಿಯ ಎರಡೂ ತುದಿಯಿಂದ ನೇರವಾಗಿ ಗೆರೆ ಹಾಕಿದರೆ ಅದು ನಮ್ಮ ಅಂಗಳ, ಪಡಸಾಲೆ, ನಡುಮನೆಯ ಮೇಲೆ ಹಾದು ಹೋಗುತ್ತಿತ್ತು. ಅವನ ಮೇಲಿನ ಸಾಹೇಬರು ಒಂದು ಮಧ್ಯಾಹ್ನ ಮನೆಗೇ ಬಂದರು. ಪಡಸಾಲೆಯಲ್ಲಿ ಕಾಫಿ ಕುಡಿಯುತ್ತ, ಮೆಲ್ಲಗೆ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ರುದ್ರಪ್ಪ, ಇಲ್ಲಿ ಸ್ವಲ್ಪ ಆ ಕಡೆಗೆ ಬಾಗಿಸಿಬಿಡಿ. ಎದುರಿಗಿರೋದು ಪಿಂಜಾರರ ಮನೆ. ಯಾರು ಕೇಳ್ತಾರೆ? ನಾನು ಸೈನ್ ಮಾಡ್ತೀನಿ." ಅಪ್ಪ ಸಾಹೇಬರ ಜೀಪಿನ ಧೂಳು ಅಡಗುವವರೆಗೂ ಬಾಗಿಲಲ್ಲೇ ನಿಂತಿದ್ದ. ಅಡುಗೆಮನೆಯ ಬಾಗಿಲ ಮರೆಯಲ್ಲಿ ಹಾಲತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಅವಳ ಎದುರು ಬಂದು ಕೂತ. ನಾನು ಅವ್ವನ ಮಗ್ಗುಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಹಾಲತ್ತೆಯೇ ಮಾತು ತೆಗೆದಳು.

"ನಿನ್ನ ಗೆರಿ ನಮ್ಮನ್ಯಾಗ ಎಲ್ಲಿ ತನಕ ಬರತ್ತೆ?"

"ನಡುಮನಿ ದಾಟ್ತೈತೆ ಅಕ್ಕಾ. ಬಾವಿನೂ ಹೋಗ್ತೈತೆ."

"ಆ ಕಡಿಗೆ ಬಾಗಿಸಿದ್ರ?"

"ಇಮಾಮಣ್ಣನ ಮನಿ ಪೂರಾ ಹೋಗ್ತೈತೆ. ಅವ್ನಿಗೆ ಹಿತ್ಲಿಲ್ಲ, ಹಿಂದಕ್ಕೆ ಸರಿಯಾಕ ಗೇಣು ಜಾಗ ಇಲ್ಲ. ನಮಗಾದ್ರೆ ಬಡಾವಣ್ಯಾಗ ಸೈಟು ಕೊಡ್ತಾರೆ."

ಹಾಲತ್ತೆ ದೀಪದ ಬತ್ತಿ ಏರಿಸಿದಳು. ಆಮೇಲೆ ಕೇಳಿದಳು: "ಮತ್ತೆ ನನ್ನ ಯಾಕ ಕೇಳ್ತಿ?"

"ಇದು ನಿನ್ನ ಮನಿ. ನೀನು ಬ್ಯಾಡ ಅಂದ್ರೆ ಬಾಗಿಸ್ತೀನಿ."

ಇದನ್ನು ಅಪ್ಪ ಅಂದದ್ದು ನಿಜದ ಮಾತು. ಅವಳು ಬ್ಯಾಡ ಅಂದಿದ್ದರೆ ಅವನು ಬಾಗಿಸಿಯೇ ಬಿಡುತ್ತಿದ್ದ, ಅದರಲ್ಲಿ ನನಗೆ ಅನುಮಾನವಿಲ್ಲ. ಹಾಲತ್ತೆ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. "ನಾನು ಬ್ಯಾಡ ಅಂದೆ ಅನ್ಕೋ. ನಾಳಿಂದ ನೀನು ಆ ಇಮಾಮನ ಮುಂದೆ ಹೆಂಗೆ ಸೈಕಲ್ ಹೊಡ್ಕಂಡು ಹೋಗ್ತಿ? ಸಾರಥಿಯಿಂದ ತೊಡಿ ಮ್ಯಾಲೆ ಕೂಡ್ರಿಸ್ಕೊಂಡು ಬಂದಿದ್ದು ಇದಕ್ಕೇನು? ಹೊಡಿ. ಸೀದಾ ಹೊಡಿ" ಎಂದಳು. ಹೇಳಿ ಎದ್ದು ಹೋಗಿ, ಆಗಲೇ ತುಂಬಿದ್ದ ಹಂಡೆಗೆ ಮತ್ತೆ ನೀರು ಸೇದತೊಡಗಿದಳು. ಹಂಡೆ ತುಂಬಿ ಬಚ್ಚಲೆಲ್ಲ ಹರಿಯುತ್ತಿದ್ದರೂ ರಾಟೆಯ ಸದ್ದು ನಿಲ್ಲಲಿಲ್ಲ. ಅವ್ವ ಹೋಗಿ ಅವಳ ಕೈಯಿಂದ ಹಗ್ಗ ಬಿಡಿಸಿದಳು.

ಮನೆ ಒಡೆಯುವ ದಿನ ಅಪ್ಪ ಬೇರೆಯವರನ್ನು ಕಳಿಸಬಹುದಿತ್ತು. ಅವನೇ ಬಂದ. ಸಾಮಾನುಗಳೆಲ್ಲ ಬಂಡಿಯಲ್ಲಿ ಹೋಗಿದ್ದವು. ಹಾಲತ್ತೆ ಎದುರಿನ ಇಮಾಮಣ್ಣನ ಕಟ್ಟೆಯ ಮೇಲೆ ಹೋಗಿ ಕೂತಳು. ಅಷ್ಟು ವರ್ಷಗಳಲ್ಲಿ ಆ ಕಟ್ಟೆಯ ಮೇಲೆ ಅವಳು ಕೂತದ್ದು ಅದೇ ಮೊದಲು. ಇಮಾಮಣ್ಣ ಆ ದಿನ ಬಿಲ್ಲು ಮುಟ್ಟಲಿಲ್ಲ. ಕೆಲಸ ಶುರುವಾಗುವ ಮುಂಚೆ ಹಾಲತ್ತೆ ಎದ್ದು ಬಾವಿಯ ಹತ್ತಿರ ಹೋಗಿ ಪಾತಕ್ಕನನ್ನು ಕರೆದು, ಕೊಡ ತಗೊಂಡು ಬಾ ಎಂದಳು. ಪಾತಕ್ಕ ಕೊಡ ತಂದು ಎಂದಿನಂತೆ ಬಾವಿಕಟ್ಟೆಯಿಂದ ದೂರ ಇಟ್ಟಳು. "ಅಲ್ಲಿ ಯಾಕ ನಿಂತಿ? ಇಲ್ಲಿ ಬಾ. ಇವತ್ತು ನೀನ ಸೇದು" ಎಂದಳು ಹಾಲತ್ತೆ. ಪಾತಕ್ಕ ಅವಳ ಮುಖ ನೋಡಿದಳು, ಸುತ್ತ ನಿಂತ ಜನರನ್ನು ನೋಡಿದಳು. ಯಾರೂ ತಡೆಯಲಿಲ್ಲ. ಅವಳು ಹಗ್ಗ ಹಿಡಿದು ಸೇದಿದಳು. ರೂಢಿಯಿಲ್ಲದ ಕೈ, ಬಕೆಟ್ಟು ಗೋಡೆಗೆ ಬಡಿದು ಅರ್ಧ ನೀರು ಚೆಲ್ಲಿತು. ಉಳಿದ ಅರ್ಧವನ್ನು ಕೊಡಕ್ಕೆ ಹಾಕುವಾಗ ಅವಳು ಅಳುತ್ತಿದ್ದಳು. "ಇದನ್ನ ನಾನು ಯಾವತ್ತೋ ಹೇಳ್ಬೇಕಿತ್ತು" ಎಂದು ಹಾಲತ್ತೆ ಯಾರಿಗೂ ಅಲ್ಲದಂತೆ ಅಂದು, ಮತ್ತೆ ಇಮಾಮಣ್ಣನ ಕಟ್ಟೆಗೆ ಹೋಗಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಮಾಳಿಗೆ ಕುಸಿಯಿತು. ಅದರ ಮಣ್ಣನ್ನೇ, ಅದರ ಕಲ್ಲನ್ನೇ ಆಳುಗಳು ಬುಟ್ಟಿಯಲ್ಲಿ ಹೊತ್ತು ಬಾವಿಗೆ ಸುರಿದರು. ಮೊದಲು ನೀರಿನ ಸದ್ದು ಬರುತ್ತಿತ್ತು. ಆಮೇಲೆ ಕೆಸರಿನ ಸದ್ದು. ಆಮೇಲೆ ಮಣ್ಣಿನ ಮೇಲೆ ಮಣ್ಣು ಬೀಳುವ ಸದ್ದು. ಅಪ್ಪ ಸುಣ್ಣದ ಗೆರೆಯ ಪಕ್ಕದಲ್ಲಿ ಛತ್ರಿ ಮಡಚಿ ಹಿಡಿದು, ಬಿಸಿಲಿನಲ್ಲಿ ಕೊನೆಯವರೆಗೂ ನಿಂತಿದ್ದ. ಒಂದು ಸಲವೂ ಎದುರಿನ ಕಟ್ಟೆಯ ಕಡೆ ತಿರುಗಲಿಲ್ಲ.

ಹೊಸ ಮನೆ ಕೆ.ಬಿ. ಬಡಾವಣೆಯಲ್ಲಿ. ಸಿಮೆಂಟಿನ ನೆಲ, ಹೆಂಚಿನ ಸೂರು, ಕಬ್ಬಿಣದ ಸರಳಿನ ಕಿಟಕಿಗಳು, ಹಿತ್ತಲಲ್ಲಿ ನಲ್ಲಿ. ಅವ್ವನಿಗೆ ನಲ್ಲಿ ಕಂಡು ಹಿಗ್ಗು. ಅದನ್ನು ಹಾಲತ್ತೆಯ ಎದುರು ತೋರಿಸಿಕೊಳ್ಳದಿರಲು ಪಾಪ ಬಹಳ ಕಷ್ಟಪಡುತ್ತಿದ್ದಳು. ಹೋದ ದಿನ ಸಂಜೆ ಅಪ್ಪ ಕೆಲಸ ಮುಗಿಸಿ ಬಂದ. ಅಂಗಿಯಲ್ಲಿ ಅದೇ ಡಾಂಬರಿನ ವಾಸನೆ. ಬಾಗಿಲಲ್ಲಿದ್ದ ಹಾಲತ್ತೆ ಸರಿದು ದಾರಿ ಬಿಟ್ಟು, "ಬಂದ್ರೆ? ಬರ್ರಿ. ಕೈಕಾಲು ತೊಳ್ಕೊಳ್ರಿ" ಎಂದಳು. ಅಪ್ಪ ಹಿಂದಕ್ಕೆ ತಿರುಗಿ ನೋಡಿದ. ತನ್ನ ಬೆನ್ನ ಹಿಂದೆ ಯಾರೋ ನೆಂಟರು ಬಂದಿದ್ದಾರೆ ಎಂದುಕೊಂಡಿದ್ದ. ಅಲ್ಲಿ ಯಾರೂ ಇರಲಿಲ್ಲ.

"ಯಾರಿಗಕ್ಕಾ ಅಂತಿ?"

"ನಿಮಗ."

ಅವನು ನಗಲು ನೋಡಿದ. ನಗು ಬರಲಿಲ್ಲ. "ಏನಕ್ಕಾ ಇದು, ಚಾಷ್ಟಿ?" ಎಂದ. "ಚಾಷ್ಟಿ ಯಾಕ್ರಿ? ಊರಿಗೆ ದಾರಿ ಮಾಡಿಕೊಟ್ಟೋರು ನೀವು. ದೊಡ್ಡೋರು" ಎಂದು ಅವಳು ಒಳಗೆ ಹೋಗಿ ತಾಟು ಹಾಕಿದಳು. ಅಣಕವಿಲ್ಲದ, ಮೆತ್ತನೆಯ ದನಿ. ಆ ದಿನದಿಂದ ಅವಳು ಅಪ್ಪನನ್ನು ಹೆಸರು ಹಿಡಿದು ಕರೆಯಲಿಲ್ಲ. ಬರ್ರಿ, ಕೂಡ್ರಿ, ಉಣ್ರಿ, ಇನ್ನೊಂದು ರೊಟ್ಟಿ ಹಾಕ್ಲೇನ್ರಿ. ಮನೆಗೆ ಬಂದ ಅಳಿಯನನ್ನು ಮಾತಾಡಿಸುವ ಹಾಗೆ. ಮೊದಮೊದಲು ಅಪ್ಪ ಬೇಡಿಕೊಂಡ. ಬೇಕೆಂದೇ ಕೊಳೆ ಕಾಲಿನಲ್ಲಿ ಅಡುಗೆಮನೆಗೆ ನುಗ್ಗಿದ, ಬೈಯಲಿ ಎಂದು. ಅವಳು ಅವನು ಹೋದ ಮೇಲೆ ನೆಲ ಒರೆಸಿದಳು. ಭಾನುವಾರ ಪಕ್ಕದಲ್ಲಿ ಕೂತು ಸಾರಥಿಯ ಮಾತು ತೆಗೆದ. ಹೊಳೆಯಲ್ಲಿ ಮುಳುಗುತ್ತಿದ್ದ ತನ್ನನ್ನು ಜುಟ್ಟು ಹಿಡಿದು ಎಳೆದದ್ದು ನೆನಪಿದೆಯಾ ಎಂದು ಕೇಳಿದ. "ನೆನಪಿಲ್ದೆ ಏನ್ರಿ" ಎಂದಳು. ಆ "ರಿ" ಪ್ರತಿ ಸಲವೂ ಅವನ ಮುಖದ ಮೇಲೆ ಬೀಳುವುದನ್ನು ನಾನು ನೋಡುತ್ತಿದ್ದೆ. ನಾನು ಅವ್ವನನ್ನು ಕೇಳಿದೆ, ಹಾಲತ್ತೆಗೆ ಅಪ್ಪನ ಮೇಲೆ ಸಿಟ್ಟೇನು ಎಂದು. ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಹೇಳಿದಳು: "ಸಿಟ್ಟಾಗಿದ್ರೆ ಬೈತಿದ್ಲವ್ವ. ಸಿಟ್ಟಿಲ್ಲ ಗಿರಿಜಿ. ಅವ್ಳಿಗೆ ಏನಾಗೈತೆ ಅಂತ ಅವ್ಳಿಗೇ ಗೊತ್ತಿಲ್ಲ."

ಈಗ ನಾನು ಆಗಿನ ಹಾಲತ್ತೆಗಿಂತ ಹೆಚ್ಚು ವಯಸ್ಸಿನವಳು. ಈಗಲೂ ನನಗೆ ಪೂರ್ತಿ ತಿಳಿದಿಲ್ಲ. ತಾನೇ ಹೊಡಿ ಅಂದವಳು, ಅದು ಸರಿ ಎಂದು ಗೊತ್ತಿದ್ದವಳು. ತಮ್ಮ ತಪ್ಪು ಮಾಡಿದ್ದರೆ ಕ್ಷಮಿಸಿಬಿಡುತ್ತಿದ್ದಳು. ಅವನು ಸರಿಯಾದದ್ದನ್ನೇ ಮಾಡಿದ್ದ. ಅದನ್ನು ಏನು ಮಾಡುವುದು ಎಂದು ಅವಳಿಗೆ ತೋಚಲಿಲ್ಲವೇನೋ. ಬೆಳಿಗ್ಗೆ ಹಿತ್ತಲಿನ ನಲ್ಲಿಯ ಕೆಳಗೆ ಕೊಡ ಇಟ್ಟು, ಅದು ತುಂಬುವವರೆಗೂ ಕೈ ಕಟ್ಟಿ ನಿಲ್ಲುತ್ತಿದ್ದಳು. ಅವಳ ಹತ್ತಿರ ನೀರಿಗೆ ಬರುವವರು ಯಾರೂ ಇರಲಿಲ್ಲ. ಎಲ್ಲರ ಹಿತ್ತಲಲ್ಲೂ ನಲ್ಲಿ. ತನ್ನ ಗಂಡನನ್ನು ಕೊಂದ ಕೊಚ್ಚೆಯನ್ನು ತಮ್ಮ ಇಲ್ಲವಾಗಿಸಿದ್ದ, ಊರಿಗೆ ಶುದ್ಧ ನೀರು ತಂದಿದ್ದ. ಅವಳು ಬೇಡಿದ್ದೇ ಅದು. ಅದು ಬಂದಾಗ ಅವಳ ಕೈಗೆ ಕೆಲಸವಿಲ್ಲದಾಯಿತು.

ಒಂದು ದಿನ ಅವಳು ಸಾರಥಿಗೆ ಹೋಗುತ್ತೇನೆ ಎಂದಳು. ಅಲ್ಲಿ ದಾಯಾದಿಗಳ ಮನೆಯಿತ್ತು, ಹೊಳೆ ಹತ್ತಿರ. ಅಪ್ಪ ತಡೆಯಲಿಲ್ಲ. ಹರಿಹರದವರೆಗೆ ಬಸ್ಸಿನಲ್ಲಿ ಒಯ್ದು, ಅಲ್ಲಿಂದ ಬಂಡಿ ಮಾಡಿಕೊಂಡು ಬಿಟ್ಟು ಬಂದ. ಆಗಾಗ ಭಾನುವಾರ ನಾವೆಲ್ಲ ಹೋಗುತ್ತಿದ್ದೆವು. ಅಲ್ಲಿ ಅವಳು ಸ್ವಲ್ಪ ಗೆಲುವಾಗಿದ್ದಳು. ಹೊಳೆಯಿಂದ ಸೊಂಟದ ಮೇಲೆ ಕೊಡ ಹೊತ್ತು ತರುತ್ತಿದ್ದಳು, ದಾಯಾದಿಗಳ ಸೊಸೆಯಂದಿರನ್ನು ಗದರಿಸುತ್ತಿದ್ದಳು. ನನ್ನನ್ನು ಕಂಡರೆ ಮೊದಲಿನಂತೆಯೇ ಕಿವಿ ಹಿಂಡುತ್ತಿದ್ದಳು. ಅಪ್ಪನಿಗೆ ಮಾತ್ರ ಎದ್ದು ನಿಂತು ಚಾಪೆ ಹಾಸುತ್ತಿದ್ದಳು. ಎರಡನೆಯ ಮಳೆಗಾಲದಲ್ಲಿ ಜ್ವರ ಬಂತು. ಸುದ್ದಿ ಮುಟ್ಟಿ ನಾವು ಹೋಗುವಷ್ಟರಲ್ಲಿ ಅವಳು ಬಹಳ ಇಳಿದುಹೋಗಿದ್ದಳು. ಅಪ್ಪ ಹಾಸಿಗೆಯ ಪಕ್ಕ ಕೂತು ಅವಳ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. "ಅಕ್ಕಾ, ರುದ್ರ ಬಂದೀನಿ" ಎಂದ. ಅವಳು ಕಣ್ಣು ತೆರೆದಳು. ಗುರುತು ಹಿಡಿದಳು. ನಾವೆಲ್ಲ ಅವಳ ತುಟಿಯನ್ನೇ ನೋಡುತ್ತಿದ್ದೆವು.

"ಊಟ ಆತೇನ್ರಿ?" ಎಂದಳು.

ಬೆಳಗಿನಿಂದ ಅಪ್ಪ ನೀರು ಕೂಡ ಕುಡಿದಿರಲಿಲ್ಲ. "ಆತಕ್ಕಾ" ಎಂದ. ಅವಳಿಗೆ ಸಮಾಧಾನವಾದಂತೆ ಕಂಡಿತು. ಮತ್ತೆ ಮಾತಾಡಲಿಲ್ಲ. ಮರುದಿನ ಬೆಳಕು ಹರಿದ ಮೇಲೆ ಹೋದಳು. ಹೊಳೆಯ ದಂಡೆಯ ಹೊಲದಲ್ಲಿ ಅವಳನ್ನು ಮಣ್ಣು ಮಾಡಿದರು. ಎಲ್ಲರೂ ಹಿಡಿ ಮಣ್ಣು ಹಾಕುವಾಗ ಅಪ್ಪನ ಕೈ ಮೇಲೇಳಲಿಲ್ಲ. ಗುಂಡಿಗೆ ಮಣ್ಣು ಬೀಳುವ ಆ ಸದ್ದು ಅವನಿಗೆ ಯಾವುದನ್ನು ನೆನಪಿಸಿತೆಂದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಅವ್ವ ಅವನ ಮುಷ್ಟಿಯನ್ನು ತನ್ನ ಕೈಯಿಂದ ಬಿಡಿಸಿ ಮಣ್ಣು ಹಾಕಿಸಿದಳು.

ಕೆಲವು ವರ್ಷ ಕಳೆದವು. ಊರು ಮತ್ತೂ ಬೆಳೆಯಿತು. ಲಾರಿಗಳು ಹೆಚ್ಚಾದವು. ಅಪ್ಪ ಹಾಕಿದ ರಸ್ತೆ ಸಾಲದೆಂದು ಅದನ್ನು ಇನ್ನೂ ಅಗಲ ಮಾಡುವ ಮಾತು ಬಂತು. ಈ ಸಲ ಎದುರಿನ ಸಾಲು. ಅಪ್ಪ ಆಗ ಬೇರೆ ವಿಭಾಗದಲ್ಲಿದ್ದ. ಆದರೂ ಕಚೇರಿಯಿಂದ ಕಚೇರಿಗೆ ಅಲೆದ. ಯಾವತ್ತೂ ಯಾರ ಎದುರೂ ದನಿ ಏರಿಸದ ಮನುಷ್ಯ ಒಂದು ಕಡೆ ಮೇಜು ಗುದ್ದಿ ಬಂದನಂತೆ. ಏನೂ ಆಗಲಿಲ್ಲ. ಇಮಾಮಣ್ಣನ ಮನೆಗೆ ಸುಣ್ಣದ ಗೆರೆ ಬಿತ್ತು. ಆ ರಾತ್ರಿ ಅಪ್ಪ ಊಟ ಬಿಟ್ಟ. ಅಕ್ಕನ ಮನೆ ಸುಮ್ಮನೆ ಹೋಯಿತು ಎಂದು ಒಂದೇ ಮಾತು ಅಂದ.

ಇಮಾಮಣ್ಣನ ಮಗನಿಗೆ ಹರಿಹರದ ಪಕ್ಕದ ಗುತ್ತೂರಿನ ಹತ್ತಿರ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಅವರೆಲ್ಲ ಅಲ್ಲಿಗೆ ಹೊರಟ ದಿನ ಸಾಮಾನಿನ ಬಂಡಿಯನ್ನು ಮುಂದೆ ಕಳಿಸಿ, ಇಮಾಮಣ್ಣ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಬಡಾವಣೆಯ ಮನೆಗೆ ಬಂದ. ಗಡ್ಡ ಪೂರಾ ಹತ್ತಿಯಾಗಿತ್ತು. "ಅಮ್ಮಾರ ಗಾದಿ ಐತೇನ್ರಿ ಇನ್ನೂ? ನಾನೇ ಹೊಲಿದಿದ್ದು. ಹೋಗೋಕೆ ಮುಂಚೆ ಒಂದ್ಸಲ ಬಡ್ದು ಕೊಟ್ಟು ಹೋಗ್ತೀನಿ" ಎಂದ. ಹಾಲತ್ತೆಯ ಗಾದಿಯನ್ನು ಅವ್ವ ಅಟ್ಟದ ಮೇಲೆ ಇಟ್ಟಿದ್ದಳು. ಅವನು ಹಿತ್ತಲಲ್ಲಿ ಕೂತು ಅದರ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹರವಿ, ಬಿಲ್ಲು ಮಿಡಿಯತೊಡಗಿದ. ಅಪ್ಪ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ. ಬಹಳ ಹೊತ್ತಿನ ಮೇಲೆ, ನನ್ನಿಂದ ಏನೂ ಆಗಲಿಲ್ಲ ಇಮಾಮಣ್ಣ, ನಿಮ್ಮ ಮನೆ ಉಳಿಸಲಾಗಲಿಲ್ಲ ಎಂದ.

ಇಮಾಮಣ್ಣ ಬಿಲ್ಲು ನಿಲ್ಲಿಸಿದ. "ಉಳೀಲಿಲ್ಲ ಅಂತ ಯಾಕಂತೀರಿ? ಇಷ್ಟು ವರ್ಷ ಉಳೀತಲ್ರಿ. ಆ ಮನ್ಯಾಗೇ ನನ್ನ ಹೆಣ್ಮಕ್ಕಳ ಶಾದಿ ಆದ್ವು. ನಮ್ಮವ್ವ ಆ ಮನ್ಯಾಗೇ ಕಣ್ಮುಚ್ಚಿದ್ಲು, ಬೀದ್ಯಾಗಲ್ಲ. ಗೆರಿ ಆವಾಗ್ಲೇ ನನ್ನ ಕಡೆ ಬಾಗಿಸೋದಿತ್ತು ಅನ್ನೋದು ನಂಗೆ ಗೊತ್ತೈತ್ರಿ. ಚೈನು ಹಿಡಿಯೋರು ಹೇಳಿದ್ರು." ಅಪ್ಪ ತಲೆ ಎತ್ತಿದ. ಇಮಾಮಣ್ಣ ಹತ್ತಿಯನ್ನು ಕೈಯಲ್ಲಿ ಬಿಡಿಸುತ್ತ ಮುಂದುವರಿಸಿದ: "ಅಮ್ಮಾರು ಸಾರಥಿಗೆ ಹೋಗೋ ಮುಂಚೆ ಇಲ್ಲಿಗೇ ಬಂದು ಕೇಳಿದ್ದೆ. ನನ್ನಿಂದ ನಿಮ್ಮ ಮನಿ ಹೋತಲ್ಲಮ್ಮಾ ಅಂದೆ. ಬೈದ್ರು ನಂಗೆ. 'ನಿನ್ನಿಂದ ಏನೂ ಇಲ್ಲ ಸುಮ್ನಿರು. ನಮ್ಮ ರುದ್ರ ಸಣ್ಣೋನಿದ್ದಾಗಿಂದ ಹಂಗೇ. ಅವ್ನಿಗೆ ಗೆರಿ ಸೊಟ್ಟ ಹೊಡಿಯಾಕೆ ಬರಂಗಿಲ್ಲ.' ಹಂಗಂದು ನಕ್ರು."

ಅಪ್ಪ ಮೆಟ್ಟಿಲಿನಿಂದ ಇಳಿದು ಬಂದು ಅವನ ಎದುರು ನೆಲದ ಮೇಲೆ ಕೂತ. ಇಸ್ತ್ರಿ ಹಾಕಿದ ಪ್ಯಾಂಟು, ಹತ್ತಿಯ ಧೂಳು ಯಾವುದನ್ನೂ ನೋಡಲಿಲ್ಲ.

"ಏನಂದ್ಲು? ನಮ್ಮ ರುದ್ರ ಅಂದ್ಲೇನು?"

"ಹೌದ್ರಿ. ನಮ್ಮ ರುದ್ರ ಅಂದ್ರು."

"ಇನ್ನೊಂದ್ಸಲ ಹೇಳು ಇಮಾಮಣ್ಣಾ. ಹೆಂಗಂದ್ಲು ಹಂಗೇ ಹೇಳು."

ಇಮಾಮಣ್ಣ ಮತ್ತೆ ಹೇಳಿದ. ಅವಳ ದನಿಯಲ್ಲೇ, ಕುತ್ತಿಗೆ ಸ್ವಲ್ಪ ನೆಟ್ಟಗೆ ಮಾಡಿ ಹೇಳಿದ. ಅಪ್ಪನ ಭುಜಗಳು ಅಲುಗತೊಡಗಿದವು. ಅವ್ವ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಮುಂದೆ ಮಾಡಿದಳು. ಹೊರಗಿನಿಂದ ನಮಗೆ ಕೇಳಿಸುತ್ತಿತ್ತು. ಅಪ್ಪ ಮತ್ತೊಮ್ಮೆ ಕೇಳುತ್ತಿದ್ದ, ಇಮಾಮಣ್ಣ ಬೇಸರವಿಲ್ಲದೆ, ಮಗುವಿಗೆ ಹೇಳುವಂತೆ, ಮತ್ತೊಮ್ಮೆ ಹೇಳುತ್ತಿದ್ದ.